ಬರೆಯುವವರಿಗೆ ಆಗಿಬರುವ ಸಲಹೆ ಯಾವುದು?

ಬೆಳಗಿನ ಜಾವ ಎದ್ದು ಬರೆಯಿರಿ ಎನ್ನುತ್ತಾರೆ ಒಬ್ಬರು. ಮನಸ್ಸು ಬಂದಾಗ ಬರೆದದ್ದೇ ಬರಹ ಎನ್ನುತ್ತಾರೆ ಇನ್ನೊಬ್ಬರು. ತುಂಬ ಓದಿ, ಓದದವರು ಬರೆಯಬಾರದು. ಬರೆಯುವಾಗ ಮಾತ್ರ ಓದಲೇಬೇಡಿ, ಬೇರೆಯವರ ಧಾಟಿ ಅಂಟಿಕೊಳ್ಳುತ್ತದೆ. ಮೊದಲು ಕತೆಯ ಹಂದರ ಹಾಕಿಕೊಳ್ಳಿ. ಹಂದರ ಹಾಕಿದಿರೋ ಕತೆ ಸತ್ತಿತು, ಪಾತ್ರಗಳ ಹಿಂದೆ ಸುಮ್ಮನೆ ನಡೆಯಿರಿ. ಬರೆಯಲು ಕೂತು ಕೈ ಕಟ್ಟಿಹೋದವರು ಒಂದು ಸಂಜೆ ಸಲಹೆ ಹುಡುಕಿಕೊಂಡು ಹೊರಟರೆ ಇಷ್ಟೂ ಒಂದೇ ಗಂಟೆಯಲ್ಲಿ ಸಿಗುತ್ತವೆ. ತಮಾಷೆಯೆಂದರೆ ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಂದೊಂದೂ ಒಂದೊಂದು ತೊಡಕಿಗೆ ಮದ್ದು. ಶೀಶೆಯ ಮೇಲೆ ಕಾಯಿಲೆಯ ಹೆಸರು ಬರೆದಿಲ್ಲ, ಅಷ್ಟೇ. ಹೊಟ್ಟೆನೋವಿಗೆ ಕಣ್ಣಿನ ಹನಿ ಹಾಕಿಕೊಂಡು ಗುಣವಾಗಲಿಲ್ಲ ಎಂದು ಕೂರುವವರೇ ಹೆಚ್ಚು.

ಹಾಗಾಗಿ ಸಲಹೆ ಹುಡುಕುವ ಮೊದಲು ತೊಡಕು ಯಾವುದೆಂದು ಗುರುತಿಸಿಕೊಳ್ಳಬೇಕು. ಅದಕ್ಕೆ ಬೇಕಾಗುವುದು ಎರಡೇ ನಿಮಿಷ.

ಎಲ್ಲಿ ಸಿಕ್ಕಿಕೊಂಡಿದೆ?

ಫೋನಿನ ರೆಕಾರ್ಡರ್ ಆನ್ ಮಾಡಿ. ಬರೆಯಬೇಕೆಂದುಕೊಂಡದ್ದನ್ನು ಮನೆಯಲ್ಲಿ ಯಾರಿಗೋ ಹೇಳುವ ಹಾಗೆ, ಎರಡು ನಿಮಿಷ ನಿಲ್ಲಿಸದೆ ಹೇಳಿ. ಆಮೇಲೆ ಕೇಳಿಸಿಕೊಳ್ಳಿ.

ಅರ್ಧ ನಿಮಿಷಕ್ಕೇ ಮಾತು ಮುಗಿದುಹೋದರೆ ನಿಮ್ಮಲ್ಲಿ ಸರಕಿಲ್ಲ. "ಊರು ಬಿಟ್ಟು ಬೆಂಗಳೂರಿಗೆ ಬಂದವನ ಒಂಟಿತನ" ಎಂಬುದು ಕತೆಯಲ್ಲ, ಕತೆಗೆ ಇಡಬಹುದಾದ ಹಣೆಪಟ್ಟಿ. ಅವನು ಯಾವ ಓಣಿಯಲ್ಲಿ ರೂಮು ಹಿಡಿದ, ಪಕ್ಕದ ರೂಮಿನವನು ಯಾರು, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದ ಎಂಬುದು ಗೊತ್ತಿಲ್ಲದೆ ನಾಲ್ಕು ಗಂಟೆಗೆ ಎದ್ದರೂ ನಿದ್ದೆಗೆಟ್ಟದ್ದಷ್ಟೇ ಲಾಭ.

ಎರಡು ನಿಮಿಷ ಸರಾಗವಾಗಿ ಹೇಳಿದಿರಿ, ಆದರೆ ಹಾಳೆ ಮುಂದಿಟ್ಟರೆ ಮೊದಲ ಸಾಲೇ ಬರುತ್ತಿಲ್ಲ ಎಂದರೆ ಸರಕಿದೆ, ಶುರುವಿನಲ್ಲಿ ತೊಡಕು. ಅರ್ಧದವರೆಗೆ ಚೆನ್ನಾಗಿ ಹೇಳಿ "ಆಮೇಲೆ... ಆಮೇಲೆ ಏನೋ ಆಗುತ್ತೆ" ಎಂದು ತಡವರಿಸಿದ್ದರೆ ನೀವು ಇನ್ನೂ ಏನನ್ನೋ ತೀರ್ಮಾನಿಸಿಲ್ಲ. ಎಲ್ಲ ಬರೆದಾಗಿದೆ, ಆದರೆ ಆರು ತಿಂಗಳಿಂದ ಮೊದಲ ಪುಟವನ್ನೇ ತಿದ್ದುತ್ತಿದ್ದೀರಿ ಎಂದರೆ ಅದು ತಿದ್ದುವಿಕೆಯ ತೊಡಕು. ಅದಕ್ಕೆ ಸ್ಫೂರ್ತಿಯ ಸಲಹೆ ಯಾವುದೂ ಬೇಕಿಲ್ಲ.

ಶುರುವಿನ ತೊಡಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹೆಚ್ಚಿನವರದು ಅದೇ. ಅಮೆರಿಕದ ಮೈಕ್ ರೋಸ್ ಎಂಬ ಅಧ್ಯಾಪಕರು 1980ರಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಹತ್ತು ವಿದ್ಯಾರ್ಥಿಗಳು, ಅವರಲ್ಲಿ ಐವರು ಬರೆಯಲು ಕೂತರೆ ಕಟ್ಟಿಹೋಗುವವರು, ಐವರು ಸಲೀಸಾಗಿ ಬರೆಯುವವರು. ಕಟ್ಟಿಹೋಗುವವರಿಗೆ ಬುದ್ಧಿಯಾಗಲಿ ಭಾಷೆಯಾಗಲಿ ಕಡಿಮೆ ಇರಲಿಲ್ಲ. ಅವರ ತಲೆಯಲ್ಲಿ ನಿಯಮಗಳಿದ್ದವು. ಮೊದಲ ಪ್ಯಾರಾ ಓದುಗರನ್ನು ಹಿಡಿದು ನಿಲ್ಲಿಸಲೇಬೇಕು, ಪ್ರತಿ ವಾಕ್ಯವೂ ಮೊದಲ ಸಲಕ್ಕೇ ಸರಿಯಾಗಿ ಬರಬೇಕು, ಇಂಥವು. ಸಲೀಸಾಗಿ ಬರೆಯುವವರಿಗೂ ನಿಯಮಗಳಿದ್ದವು, ಆದರೆ "ಇದು ಆಗಲಿಲ್ಲವೆಂದರೆ ಬೇರೆ ದಾರಿ ನೋಡು" ಎಂಬ ಬಾಲವೂ ಅವಕ್ಕಿತ್ತು. ಹತ್ತೇ ಜನರ ಮೇಲೆ ನಡೆದದ್ದು, ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ನಿಮ್ಮ ತಲೆಯ ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ. ಕತೆ ಪ್ರಕೃತಿ ವರ್ಣನೆಯಿಂದ ಶುರುವಾಗಬೇಕು, ಇಂಗ್ಲಿಷ್ ಪದ ಬರಕೂಡದು, ಒಂದೇ ಪದ ಎರಡು ಸಲ ಬಂದರೆ ತಪ್ಪು. ಹೈಸ್ಕೂಲಿನ ಪ್ರಬಂಧದ ಪೀರಿಯಡ್ಡಿನಿಂದ ಹೊತ್ತುಕೊಂಡು ಬಂದವೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇದರ ಜೊತೆಗೆ ಇನ್ನೊಂದು ಗಂಟು. ನಾವು ಯೋಚಿಸುವ ಕನ್ನಡ ಒಂದು, ಬರೆಯಬೇಕು ಎಂದುಕೊಂಡಿರುವ ಕನ್ನಡ ಮತ್ತೊಂದು. ರೆಕಾರ್ಡಿಂಗಿನಲ್ಲಿ ಹೇಳಿದ್ದು ಹೀಗಿರುತ್ತದೆ: "ಅವ್ಳು ಸೀದಾ ಅಡುಗೆಮನೆಗೆ ಹೋಗಿ ಸಿಲಿಂಡರ್ ಬಂದ್ ಮಾಡಿದ್ಲು." ಹಾಳೆಯ ಮೇಲೆ ಅದೇ ಹೀಗಾಗುತ್ತದೆ: "ಆಕೆಯು ನೇರವಾಗಿ ಅಡುಗೆಕೋಣೆಯನ್ನು ಪ್ರವೇಶಿಸಿ ಅನಿಲದ ಸಂಪರ್ಕವನ್ನು ಕಡಿತಗೊಳಿಸಿದಳು." ಎರಡನೆಯದನ್ನು ಬರೆದವರಿಗೆ ಮುಂದಿನ ವಾಕ್ಯ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಒಂದೊಂದು ವಾಕ್ಯಕ್ಕೂ ಅನುವಾದದ ಕೂಲಿ ತೆರುತ್ತಿದ್ದಾರೆ, ಅದೂ ಕನ್ನಡದಿಂದ ಕನ್ನಡಕ್ಕೆ.

ಇದಕ್ಕೆ ದಾರಿ ಸರಳ. ರೆಕಾರ್ಡಿಂಗನ್ನು ಇದ್ದದ್ದು ಇದ್ದ ಹಾಗೆ ಹಾಳೆಗಿಳಿಸಿ. ಎರಡು ನಿಮಿಷದ ಮಾತು ಸುಮಾರು ಒಂದು ಪುಟವಾಗುತ್ತದೆ, ಇಳಿಸಲು ಇಪ್ಪತ್ತು ನಿಮಿಷ ಹಿಡಿಯಬಹುದು. ಫೋನಿನ ಧ್ವನಿ ಟೈಪಿಂಗ್‌ಗೆ ಬಿಟ್ಟರೆ ಧಾರವಾಡದ ಮಾತನ್ನೋ ಕುಂದಾಪುರದ ಮಾತನ್ನೋ ಅದು ತನಗೆ ತೋಚಿದ ಹಾಗೆ ತಿದ್ದಿಬಿಡುತ್ತದೆ, ಕೈಯಲ್ಲೇ ಬರೆಯುವುದು ಕ್ಷೇಮ. ನಿರೂಪಣೆ ಯಾವ ಕನ್ನಡದಲ್ಲಿರಬೇಕು ಎಂಬುದನ್ನು ಪೂರ್ತಿ ಕರಡು ಕೈಗೆ ಬಂದ ಮೇಲೆ ನೋಡಿಕೊಂಡರಾಯಿತು. ಶಿಷ್ಟ ಕನ್ನಡಕ್ಕೆ ತರುವುದು ಒಂದು ವಾರದ ಕೆಲಸ. ಖಾಲಿ ಹಾಳೆಯನ್ನು ಯಾವ ಕನ್ನಡಕ್ಕೂ ತರಲಾಗುವುದಿಲ್ಲ.

ಸ್ಫೂರ್ತಿಗೆ ಕಾಯುವುದರ ಲೆಕ್ಕ

ಮನಸ್ಸು ಬರುವವರೆಗೆ ಕಾಯಬೇಕೇ, ಬಾರದಿದ್ದರೂ ಕೂರಬೇಕೇ? ಈ ಜಗಳವನ್ನು ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಲೆಕ್ಕ ಹಾಕಿ ನೋಡಿದರು. ಬರವಣಿಗೆ ಮುಂದೆ ಸಾಗದ 27 ಮಂದಿ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತುರ್ತು ಬಿಟ್ಟರೆ ಬರೆಯಲೇಬೇಡಿ ಎಂದರು. ಇನ್ನೊಂದಕ್ಕೆ ಮನಸ್ಸಾದಾಗ ಬರೆಯಿರಿ ಎಂದರು. ಮೂರನೆಯ ಗುಂಪು ಗೊತ್ತುಮಾಡಿದ ಹೊತ್ತಿಗೆ ಬರೆಯಲೇಬೇಕು, ತಪ್ಪಿದರೆ ತಮಗೆ ಕಂಡರಾಗದ ಸಂಸ್ಥೆಯೊಂದಕ್ಕೆ ದುಡ್ಡು ಹೋಗುತ್ತದೆ. ದಿನಕ್ಕೆ ಬರೆದ ಪುಟಗಳು ಕ್ರಮವಾಗಿ 0.2, 0.9 ಮತ್ತು 3.2. ಮೂರನೆಯವರು ಹೆಚ್ಚು ಬರೆದರು ಎಂಬುದರಲ್ಲಿ ವಿಶೇಷವಿಲ್ಲ. ವಿಶೇಷ ಇರುವುದು ಹೊಸ ಹೊಳಹುಗಳ ಲೆಕ್ಕದಲ್ಲಿ. ಬರೆಯದವರಿಗೆ ಐದು ದಿನಕ್ಕೊಂದು, ಮನಸ್ಸಾದಾಗ ಬರೆಯುವವರಿಗೆ ಎರಡು ದಿನಕ್ಕೊಂದು, ಬಲವಂತಕ್ಕೆ ಕೂತವರಿಗೆ ದಿನಕ್ಕೊಂದು. ಹೊಳಹು ಬಂದ ಮೇಲೆ ಕೂರುವುದಲ್ಲ, ಕೂತವರಿಗೆ ಹೊಳಹು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಆದರೂ ಎಚ್ಚರ ಬೇಕು. ಇವರೆಲ್ಲ ಅಧ್ಯಾಪಕರು, ಕತೆಗಾರರಲ್ಲ. ತಮ್ಮ ವಿಷಯವನ್ನು ವರ್ಷಗಟ್ಟಲೆ ಓದಿಕೊಂಡವರು, ಅಂದರೆ ಸರಕಿದ್ದವರು. ಸರಕಿಲ್ಲದವರನ್ನು ದಿನಾ ಒಂದು ಗಂಟೆ ಕೂರಿಸಿದರೂ ಇದೇ ಫಲ ಬರುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ. "ದಿನಾ ಬರೆಯಿರಿ" ಎಂಬ ಸಲಹೆ ಕೆಲವರಿಗೆ ಬಂಗಾರ, ಕೆಲವರಿಗೆ ಶಿಕ್ಷೆ ಆಗುವುದು ಇಲ್ಲೇ.

ಕೂರುವ ಹೊತ್ತು ಎಷ್ಟಿರಬೇಕು? ಕೆಲಸ, ಮನೆ ಇರುವವರಿಗೆ ವಾರಕ್ಕೆ ಐದು ಸಲ, ಸಲಕ್ಕೆ 25 ನಿಮಿಷ ಸಾಕು. ಭಾನುವಾರ ನಾಲ್ಕು ಗಂಟೆ ಒಟ್ಟಿಗೆ ಕೂರುತ್ತೇನೆ ಎಂಬ ಲೆಕ್ಕ ಯಾಕೆ ಕೆಡುತ್ತದೆಂದರೆ, ಒಂದು ಭಾನುವಾರ ಮದುವೆಯೋ ಗೃಹಪ್ರವೇಶವೋ ಬಂದರೆ ನಡುವೆ ಹದಿನಾಲ್ಕು ದಿನದ ಕಂದಕ ಬೀಳುತ್ತದೆ. ಆಮೇಲೆ ಕೂತಾಗ ಮೊದಲ ಒಂದು ಗಂಟೆ ಎಲ್ಲಿದ್ದೆ ಎಂದು ಹುಡುಕುವುದಕ್ಕೇ ಹೋಗುತ್ತದೆ. ಏಳುವ ಮೊದಲು ಮುಂದಿನ ಸಲ ಏನು ಬರೆಯಬೇಕು ಎಂಬುದನ್ನು ಒಂದು ಸಾಲಿನಲ್ಲಿ ಗೀಚಿಟ್ಟು ಏಳಿ. "ಮಾವ ಪತ್ರ ಓದಬೇಕು, ಜೋರಾಗಿ ಓದಬಾರದು" ಎಂಬಷ್ಟು. ಮರುದಿನದ ಮೊದಲ ಹತ್ತು ನಿಮಿಷ ಇದರಿಂದ ಉಳಿಯುತ್ತದೆ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುವ ಮಾತನ್ನು ನಂಬಿ ಇಪ್ಪತ್ತೆರಡನೆಯ ದಿನ ಬೇಸತ್ತು ಬಿಟ್ಟವರು ಬಹಳ ಮಂದಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ಆಗುವ ಅಭ್ಯಾಸವಾಗಲು ಸರಾಸರಿ 66 ದಿನ ಬೇಕಾದವು. ಕೆಲವರಿಗೆ 18, ಕೆಲವರಿಗೆ 254. ಅಲ್ಲಿ ಅಳೆದದ್ದು ನೀರು ಕುಡಿಯುವುದು, ನಡೆಯುವುದು ಇಂಥ ಚಿಕ್ಕ ಕೆಲಸಗಳನ್ನು. ಬರವಣಿಗೆ ಅದಕ್ಕಿಂತ ಬೇಗ ಒಲಿಯಲು ಕಾರಣವಿಲ್ಲ.

ಬಿಟ್ಟು ಏಳುವುದು ಯಾವಾಗ

ನಡುವೆ ಸಿಕ್ಕಿಕೊಂಡವರಿಗೆ ಮಾತ್ರ "ಬಿಟ್ಟು ಏಳಿ, ಒಂದು ಸುತ್ತು ಹೋಗಿ ಬನ್ನಿ" ಎಂಬ ಸಲಹೆ ನಿಜಕ್ಕೂ ಕೆಲಸ ಮಾಡುತ್ತದೆ. ಅದೂ ಒಂದು ಷರತ್ತಿನ ಮೇಲೆ.

ಫ್ರಾನ್ಸಿನ ಗಣಿತಜ್ಞ ಆನ್ರಿ ಪೋಂಕಾರೆ 1908ರ ಪುಸ್ತಕದಲ್ಲಿ ಹೇಳಿದ ಪ್ರಸಂಗವನ್ನು ಸ್ಫೂರ್ತಿಯ ಬಗ್ಗೆ ಮಾತಾಡುವವರೆಲ್ಲ ಎತ್ತಿಕೊಳ್ಳುತ್ತಾರೆ. ಪ್ರವಾಸ ಹೊರಟವರು ಕುದುರೆಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣ, ಅವರ ಗಣಿತಕ್ಕೆ ಬೇಕಿದ್ದ ಹೊಳಹೊಂದು ತಾನಾಗಿ ಬಂತು. ಆ ಮೆಟ್ಟಿಲಿನ ಕತೆಯನ್ನು ಹೇಳುವವರು ಅದಕ್ಕೆ ಮೊದಲು ಹದಿನೈದು ದಿನ ಅವರು ದಿನಾ ಮೇಜಿನ ಮುಂದೆ ಕೂತು ತಲೆ ಕೆಡಿಸಿಕೊಂಡಿದ್ದನ್ನು ಬಿಟ್ಟುಬಿಡುತ್ತಾರೆ. ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಹೊಸ ಯೋಚನೆ ಹುಟ್ಟುವ ಬಗೆಯನ್ನು ತಯಾರಿ, ಮಾಗುವಿಕೆ, ಹೊಳಹು, ಪರೀಕ್ಷೆ ಎಂದು ನಾಲ್ಕು ಹಂತ ಮಾಡಿದ್ದು ಇಂಥ ಪ್ರಸಂಗಗಳನ್ನು ನೋಡಿಯೇ. ಹುಳಿ ಹಿಡಿಯಲು ರಾತ್ರಿಯೆಲ್ಲ ಬಿಡುತ್ತೇವೆ ಸರಿ, ಆದರೆ ಅದಕ್ಕೆ ಮೊದಲು ಹಿಟ್ಟು ರುಬ್ಬಿರಬೇಕಲ್ಲ.

2009ರಲ್ಲಿ ಯುಟ್ ನಾ ಸಿಯೊ ಮತ್ತು ಥಾಮಸ್ ಆರ್ಮೆರಾಡ್ ಈ ಮಾಗುವಿಕೆಯ ಮೇಲಿನ 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಿಟ್ಟು ಏಳುವುದರಿಂದ ಲಾಭವಿದೆ, ಮೊದಲು ಹೆಚ್ಚು ಹೊತ್ತು ಗುದ್ದಾಡಿದಷ್ಟೂ ಲಾಭ ಹೆಚ್ಚು ಎಂದು ಕಂಡಿತು. ಬರೆಯುವವರಿಗೆ ಬೇಕಾದ ಇನ್ನೊಂದು ವಿವರವೂ ಅಲ್ಲಿದೆ. ಮಾತಿಗೆ ಸಂಬಂಧಿಸಿದ ಒಗಟುಗಳಲ್ಲಿ ಬಿಡುವಿನ ಹೊತ್ತಿನಲ್ಲಿ ಹಗುರವಾದ ಕೆಲಸ ಮಾಡಿದವರಿಗೆ, ಸುಮ್ಮನೆ ಕೂತವರಿಗಿಂತಲೂ ತಲೆ ತಿನ್ನುವ ಕೆಲಸ ಮಾಡಿದವರಿಗಿಂತಲೂ ಹೆಚ್ಚು ಫಲ ಸಿಕ್ಕಿತು. ಪಾತ್ರೆ ತೊಳೆಯುವುದು, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು ಇಲ್ಲಿಗೆ ಹೇಳಿಮಾಡಿಸಿದವು. ಫೋನು ಹಿಡಿದು ರೀಲ್ಸ್ ನೋಡಿದರೆ ಅದು ಬಿಡುವಲ್ಲ. ತಲೆಯೊಳಗೆ ಬೇರೆಯವರ ಕತೆಗಳು ಬಂದು ಕೂರುತ್ತವೆ.

ನಡಿಗೆಯ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಮರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ 2014ರಲ್ಲಿ ಪ್ರಕಟಿಸಿದ್ದು ಈಗ ಎಲ್ಲೆಲ್ಲೂ ಓಡಾಡುತ್ತಿದೆ. ನಡೆಯುವಾಗ ಹೊಸ ಯೋಚನೆಗಳು ಸರಾಸರಿ ಶೇ. 60ರಷ್ಟು ಹೆಚ್ಚಿದವು. ಗೋಡೆ ನೋಡಿಕೊಂಡು ಟ್ರೆಡ್‌ಮಿಲ್ ಮೇಲೆ ನಡೆದರೂ ಫಲ ಬಂತು, ಅಂದರೆ ಲಾಲ್‌ಬಾಗಿಗೇ ಹೋಗಬೇಕೆಂದೇನಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಯಾರೂ ಹಂಚುವುದಿಲ್ಲ. ಒಂದೇ ಸರಿಯುತ್ತರವಿರುವ ಪ್ರಶ್ನೆಗಳಲ್ಲಿ ನಡೆಯುತ್ತಿದ್ದವರು ಕೂತವರಿಗಿಂತ ತುಸು ಹಿಂದೆ ಬಿದ್ದರು. ಬರವಣಿಗೆಗೆ ಇದನ್ನು ಅನ್ವಯಿಸಿದರೆ ಹೀಗೆ: "ತಂಗಿ ಮನೆಗೆ ವಾಪಸ್ ಬಂದರೆ ಏನೇನಾಗಬಹುದು" ಎಂಬುದು ನಡೆಯುತ್ತ ಕೇಳಿಕೊಳ್ಳುವ ಪ್ರಶ್ನೆ. "ಈ ಸಾಲಿನಲ್ಲಿ 'ಹಠ' ಸರಿಯೋ 'ಛಲ' ಸರಿಯೋ" ಎಂಬುದಕ್ಕೆ ಕುರ್ಚಿಯೇ ಲೇಸು. ಒಂದೇ ಸಲಹೆ ಒಂದು ಹಂತದಲ್ಲಿ ಎತ್ತುತ್ತದೆ, ಇನ್ನೊಂದರಲ್ಲಿ ಕಾಲೆಳೆಯುತ್ತದೆ.

ಏಳುವ ಮೊದಲು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಳ್ಳಿ. ಪ್ರಶ್ನೆಯಿಲ್ಲದೆ ಹೊರಟದ್ದು ಬರೀ ವಾಕಿಂಗ್. ಆರೋಗ್ಯಕ್ಕೆ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ.

ಸರಕು ಎಲ್ಲಿಂದ ಬರುತ್ತದೆ

ಸರಕಿಲ್ಲದವರಿಗೆ ಹೇಳಬೇಕಾದದ್ದನ್ನು ಕಾವ್ಯ ಹುಟ್ಟುವ ಬಗೆಯನ್ನು ವಿವರಿಸಿದ ಕಾಶ್ಮೀರದ ಸಂಸ್ಕೃತ ಪಂಡಿತ ಮಮ್ಮಟ ಹನ್ನೊಂದನೆಯ ಶತಮಾನದಲ್ಲೇ ಒಂದು ಶ್ಲೋಕದಲ್ಲಿ ಮುಗಿಸಿದ್ದಾನೆ. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಗಮನಿಸಿ ಬರುವ ನಿಪುಣತೆ, ಬಲ್ಲವರ ಕೈಕೆಳಗಿನ ಅಭ್ಯಾಸ. ಮೂರನ್ನೂ ಹೇಳಿ "ಹೇತುಃ" (ಕಾರಣ) ಎಂದು ಏಕವಚನದಲ್ಲಿ ನಿಲ್ಲಿಸಿದ್ದಾನೆ. ಮೂರೂ ಸೇರಿಯೇ ಒಂದು ಕಾರಣ, ಬಿಡಿಬಿಡಿಯಾಗಿ ಅಲ್ಲ ಎಂದು ಆಮೇಲೆ ವಿವರಿಸುತ್ತಾನೆ. ಪಟ್ಟಿಯಲ್ಲಿ ಲೋಕ ಮೊದಲು, ಕಾವ್ಯ ಕೊನೆಗೆ ಬಂದಿರುವುದನ್ನು ಗಮನಿಸಿ. ಛಂದಸ್ಸಿಗಾಗಿ ಹಾಗೆ ಬಂದಿರಬಹುದು, ಆದರೂ ಇಂದಿನ ಬರಹಗಾರರಿಗೆ ಆ ಕ್ರಮ ಚೆನ್ನಾಗಿ ಒಪ್ಪುತ್ತದೆ.

ಲೋಕವನ್ನು ಗಮನಿಸುವುದೆಂದರೆ ಕೈಯಲ್ಲಿ ಮಾಡುವ ಕೆಲಸ. ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ, ದಿನಕ್ಕೆ ಮೂರೇ ಸಾಲು. ಕೇಳಿದ ಒಂದು ಮಾತು, ಹೇಳಿದವರ ಬಾಯಲ್ಲಿ ಹೇಗಿತ್ತೋ ಹಾಗೆ. ನೋಡಿದ ಒಂದು ವಸ್ತು ಅಥವಾ ಕೆಲಸ. ಅರ್ಥವಾಗದ ಒಂದು ಪ್ರಶ್ನೆ. "ಸೂರ್ಯಾಸ್ತ ಸುಂದರವಾಗಿತ್ತು" ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ಹುಟ್ಟುವುದಿಲ್ಲ. "ಬಸ್ ಕಂಡಕ್ಟರು ಚಿಲ್ಲರೆ ಕೊಡದೆ ಟಿಕೆಟ್ಟಿನ ಹಿಂದೆ ಮೂರು ರೂಪಾಯಿ ಎಂದು ಬರೆದುಕೊಟ್ಟ, ಅಜ್ಜಿ ಅದನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು" ಎಂಬುದರಿಂದ ಹುಟ್ಟಬಹುದು. ಆ ಟಿಕೆಟ್ಟು ಮುಂದೇನಾಯಿತು ಎಂಬ ಪ್ರಶ್ನೆ ಅದರ ಒಳಗೇ ಇದೆ.

ಇದು ಕೆಡುವುದು ಎರಡು ಕಡೆ. ಪುಸ್ತಕ ತುಂಬುತ್ತಾ ಹೋಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ವಾರಕ್ಕೊಮ್ಮೆ ಹದಿನೈದು ನಿಮಿಷ ಹಿಂದಿನ ಪುಟ ಓದಿ, ಮತ್ತೆ ಕಾಡಿದ್ದರ ಕೆಳಗೆ ಗೀಟು ಹಾಕಬೇಕು. ಮೂರು ವಾರ ಗೀಟು ಬಿದ್ದ ಸಾಲು ಸಿಕ್ಕರೆ ಅದೇ ನಿಮ್ಮ ಕತೆಯ ಬೀಜ. ಇನ್ನೊಂದು, ದೊಡ್ಡವರ ನುಡಿಮುತ್ತುಗಳನ್ನು ನಕಲು ಮಾಡಿ ಪುಟ ತುಂಬಿಸುವುದು. ಅದಕ್ಕೆ ಬೇರೆ ಪುಸ್ತಕ ಇಟ್ಟುಕೊಳ್ಳಿ.

ಸರಕಿದ್ದೂ ಸವಕಲು ಮಾತೇ ಬರುತ್ತಿದೆ ಎನ್ನುವವರಿಗೆ ಕಟ್ಟುಪಾಡು ಹಾಕಿಕೊಳ್ಳಿ ಎಂಬ ಸಲಹೆ ಆಗಿಬರುತ್ತದೆ. ಕೇಳಿದರೆ ವಿಚಿತ್ರ, ಆದರೆ ಒಡ್ಡಿದ ಕಟ್ಟುಪಾಡುಗಳ ನಡುವೆ ಸಭೆಯಲ್ಲೇ ಪದ್ಯ ಕಟ್ಟುವ ಅವಧಾನ ನೋಡಿದವರಿಗೆ ಇದು ಹೊಸದಲ್ಲ. ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಲ್ಲಿ ನಿಷೇಧಾಕ್ಷರಿಯ ಭಾಗವನ್ನು ನೆನೆಸಿಕೊಳ್ಳಿ. ಅವಧಾನಿ ಒಂದು ಅಕ್ಷರ ಹೇಳುತ್ತಿದ್ದಂತೆ ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನೇ ನಿಷೇಧಿಸುತ್ತಾರೆ. ಅಂದರೆ ಎಲ್ಲರಿಗೂ ಮೊದಲು ಹೊಳೆಯುವ ಪದದ ಬಾಗಿಲು ಮುಚ್ಚುತ್ತದೆ. ಉಳಿದ ಬಾಗಿಲುಗಳಲ್ಲಿ ಹುಡುಕಲೇಬೇಕು. ಕೊಟ್ಟ ಸಾಲನ್ನು ಪದ್ಯವಾಗಿ ತುಂಬುವ ಸಮಸ್ಯಾಪೂರಣ, ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವ ದತ್ತಪದಿ ಕೂಡ ಇಂಥವೇ ಬಿಗಿಗಳು.

ಗದ್ಯ ಬರೆಯುವವರು ಇದನ್ನು ಹೀಗೆ ಬಳಸಬಹುದು. ಒಂದು ಪುಟದ ದೃಶ್ಯ ಬರೆಯಿರಿ, ಭಾವದ ಹೆಸರುಗಳಿಗೆ ನಿಷೇಧ. ಬೇಸರ, ದುಃಖ, ಸಂತೋಷ, ಕೋಪ, ಆತಂಕ ಯಾವುದೂ ಬರಕೂಡದು. ಮೊದಲು ಬರೆದದ್ದು "ಮಗ ಬರುವುದಿಲ್ಲವೆಂದು ತಿಳಿದು ಅತ್ತೆಗೆ ತುಂಬಾ ಬೇಸರವಾಯಿತು" ಎಂದಿದ್ದರೆ, ನಿಷೇಧದ ನಂತರ ಇಂಥದ್ದು ಬರುತ್ತದೆ: "ಫೋನು ಇಟ್ಟ ಅತ್ತೆ ಒಲೆಯಿಂದ ಇಳಿಸಿದ್ದ ಹಾಲಿನ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟರು. ಗ್ಯಾಸ್ ಹಚ್ಚಲಿಲ್ಲ." ಕಟ್ಟುಪಾಡು ಹೆಚ್ಚಾದರೆ ಬರಹ ಸರ್ಕಸ್ ಆಗುತ್ತದೆ. ಒಂದು ಸಲಕ್ಕೆ ಒಂದು ನಿಷೇಧ, ಕರಡು ಮುಗಿದ ಮೇಲೆ ಅದನ್ನೂ ತೆಗೆದುಬಿಡಿ.

ಬಾಟ್‌ಗಳನ್ನು ಕೇಳಿ ಕಥಾವಸ್ತು ಪಡೆಯುವವರಿಗೂ ಇಲ್ಲೇ ಒಂದು ಮಾತು. 2024ರಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಪ್ರಕಟಿಸಿದ ಪ್ರಯೋಗದಲ್ಲಿ ಎಐ ಕೊಟ್ಟ ಹೊಳಹು ಹಿಡಿದು ಬರೆದ ಪುಟ್ಟ ಕತೆಗಳಿಗೆ ಓದುಗರು ಹೆಚ್ಚು ಅಂಕ ಕೊಟ್ಟರು. ಆದರೆ ಆ ಕತೆಗಳು ಒಂದಕ್ಕೊಂದು ಹೆಚ್ಚು ಹೋಲುತ್ತಿದ್ದವು. ಒಬ್ಬರಿಗೆ ಲಾಭ, ಎಲ್ಲರೂ ಮಾಡಿದರೆ ಊರಿಗೆಲ್ಲ ಒಂದೇ ಸಾರು. ಅದು ಕೊಡುವ ಮೊದಲ ಹತ್ತು ಉತ್ತರಗಳನ್ನು ನಿಷೇಧದ ಪಟ್ಟಿಯಾಗಿ ಇಟ್ಟುಕೊಂಡರೆ ಉಪಯೋಗಕ್ಕೆ ಬಂದೀತು.

ತಿದ್ದುವವರ ದಿನಚರಿ

ಬರೆಯುವ ಕಣ್ಣು, ತಿದ್ದುವ ಕಣ್ಣು ಬೇರೆ ಎಂಬುದನ್ನು ರಾಜಶೇಖರನಷ್ಟು ಖಚಿತವಾಗಿ ಹೇಳಿದವರು ಕಡಿಮೆ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಕನೌಜಿನ ಆಸ್ಥಾನದಲ್ಲಿದ್ದ ಸಂಸ್ಕೃತ ಕವಿ. ಅವನ ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರಿಯೇ ಇದೆ. ಹಗಲಿನ ಮೊದಲ ಜಾವ ಓದಿಗೆ, ಎರಡನೆಯದು ರಚನೆಗೆ, ಊಟದ ನಂತರ ಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ಬರೆದದ್ದನ್ನು ಒಬ್ಬನೇ ಅಥವಾ ಕೆಲವೇ ಜನರ ಜೊತೆ ಪರೀಕ್ಷಿಸುವುದಕ್ಕೆ. ಕಾರಣವನ್ನೂ ಕೊಡುತ್ತಾನೆ. ರಸದ ಆವೇಶದಲ್ಲಿ ಬರೆಯುವಾಗ ವಿವೇಚಿಸುವ ದೃಷ್ಟಿ ಇರುವುದಿಲ್ಲ, ಅದಕ್ಕೇ ಆಮೇಲೆ ನೋಡಬೇಕು. ನೋಡುವಾಗ ಏನು ಮಾಡಬೇಕು? ಹೆಚ್ಚಾದದ್ದನ್ನು ಬಿಡುವುದು, ಕಡಿಮೆಯಾದದ್ದನ್ನು ತುಂಬುವುದು, ತಪ್ಪು ಜಾಗದಲ್ಲಿರುವುದನ್ನು ಬದಲಿಸುವುದು, ಮರೆತದ್ದನ್ನು ನೆನೆದು ಸೇರಿಸುವುದು. ಸಾವಿರದ ನೂರು ವರ್ಷಗಳ ಹಿಂದಿನ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಂಡರೆ ತಿದ್ದುವ ತರಗತಿಗೆ ಬೇರೆ ಫೀಸು ಕಟ್ಟಬೇಕಿಲ್ಲ. ನಾಲ್ಕನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಒಂದು ಓದಿಗೆ ಒಂದು. ಮೊದಲ ಓದಿನಲ್ಲಿ ಬರೀ ಹೊಡೆದುಹಾಕುವುದು.

ಹೊಡೆದುಹಾಕುವುದು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ರಾಜಶೇಖರನಿಗೂ ಹಿಂದಿನ ಕಾವ್ಯಶಾಸ್ತ್ರಜ್ಞ ವಾಮನ ಒಂದು ಅಳತೆ ಕೊಟ್ಟಿದ್ದಾನೆ. ಮನಸ್ಸು ತೂಗುಯ್ಯಾಲೆ ಆಡುತ್ತಿರುವವರೆಗೆ ಪದವನ್ನು ಇಡುವುದು, ತೆಗೆಯುವುದು ನಡೆದಿರುತ್ತದೆ, ಪದ ಅಲುಗದೆ ನಿಂತರೆ ಸರಸ್ವತಿ ಸಿದ್ಧಿಸಿದಳು. ಕೈಗೆ ಸಿಗುವ ಹಾಗೆ ಹೇಳುವುದಾದರೆ, ಒಂದು ಸಾಲನ್ನು ತಿದ್ದಿ ಮರುವಾರ ಮತ್ತೆ ಮೊದಲಿನ ರೂಪಕ್ಕೇ ತಂದಿದ್ದೀರಾದರೆ ಆ ಸಾಲಿನ ಕೆಲಸ ಮುಗಿದಿದೆ.

ಇನ್ನು ಕುಮಾರವ್ಯಾಸನ ಆ ಪದ್ಯ. "ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ." ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆ ಎಂಬ ಹೆಮ್ಮೆ. ಒಳ್ಳೆಯ ಬರಹ ಒಂದೇ ಉಸಿರಿಗೆ ಬರುತ್ತದೆ ಎನ್ನುವವರು ಇದನ್ನು ತೋರಿಸುತ್ತಾರೆ. ಆದರೆ ಹೆಮ್ಮೆಪಡುವಷ್ಟು ಅಪರೂಪವಾಗಿತ್ತು ಎಂದಾದರೆ ಉಳಿದವರೆಲ್ಲ ಏನು ಮಾಡುತ್ತಿದ್ದರು? ಹಲಗೆಯ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಆಮೇಲೆ ಓಲೆಗೆ ಇಳಿಸುತ್ತಿದ್ದರು. ಆ ಪದ್ಯ ಕನ್ನಡದ ಕವಿಗಳ ಕರಡು ಪ್ರತಿಗಳಿಗೆ ಸಾಕ್ಷಿ. ದೊಡ್ಡವರ ದಿನಚರಿಗಳನ್ನು ಸಲಹೆಯಾಗಿ ಓದುವಾಗಲೂ ಇದೇ ಎಚ್ಚರ ಬೇಕು. ಬೆಳಗಿನ ಐದಕ್ಕೆ ಎದ್ದು ಬರೆದು ಹೆಸರು ಮಾಡಿದವರನ್ನು ಸಂದರ್ಶಿಸುತ್ತಾರೆ. ಐದಕ್ಕೆ ಎದ್ದೂ ಏನೂ ಆಗದವರನ್ನು ಯಾರು ಸಂದರ್ಶಿಸಿದ್ದಾರೆ?

ಹೊಸ ಸಲಹೆ ಕೈಗೆ ಬಂದಾಗ

ಮೊದಲು ಕೇಳಬೇಕಾದದ್ದು, ಇದು ಯಾವ ತೊಡಕಿಗೆ ಎಂದು. ಆಮೇಲೆ, ನಾಳೆ ಯಾವ ಹೊತ್ತಿಗೆ ಕೈಯಲ್ಲಿ ಏನು ಮಾಡಬೇಕೆಂದು ಇದು ಹೇಳುತ್ತದೆಯೇ? "ನಿಮ್ಮೊಳಗಿನ ದನಿಯನ್ನು ಆಲಿಸಿ" ಎಂಬುದು ಹೇಳುವುದಿಲ್ಲ. "ಹತ್ತು ನಿಮಿಷ ಪೆನ್ನು ಎತ್ತದೆ ಬರೆಯಿರಿ" ಎಂಬುದು ಹೇಳುತ್ತದೆ, ಬರವಣಿಗೆ ಕಲಿಸುತ್ತಿದ್ದ ಅಮೆರಿಕದ ಪೀಟರ್ ಎಲ್ಬೋ 1973ರಲ್ಲಿ ಕೊಟ್ಟ ಆ ಅಭ್ಯಾಸ ಇನ್ನೂ ಉಳಿದಿರುವುದು ಅದಕ್ಕೇ. ಕನ್ನಡದಲ್ಲಿ ಅದನ್ನು ಮಾಡುವಾಗ ಕೀಬೋರ್ಡು ಬಿಟ್ಟು ಪೆನ್ನು ಹಿಡಿಯುವುದು ಒಳ್ಳೆಯದು. ಒತ್ತಕ್ಷರ ಎಲ್ಲಿದೆ ಎಂದು ಹುಡುಕಿದ ಕ್ಷಣ ಒಳಗಿನ ಮೇಷ್ಟ್ರು ಎದ್ದು ಕೂರುತ್ತಾರೆ. ಬರೆದದ್ದನ್ನು ಅದೇ ದಿನ ಓದಬೇಡಿ. ಎರಡು ದಿನ ಬಿಟ್ಟು ಓದಿ, ಒಂದೇ ಒಂದು ಸಾಲನ್ನು ಆರಿಸಿ ಉಳಿದದ್ದನ್ನು ಹರಿದುಹಾಕಿ.

ಕೊನೆಗೆ, ಕೆಲಸ ಮಾಡಲಿಲ್ಲವೆಂದು ಗೊತ್ತಾಗುವುದು ಹೇಗೆ? ಹತ್ತು ಬೈಠಕ್ ಗೊತ್ತುಮಾಡಿಕೊಳ್ಳಿ. ಐದರಲ್ಲಿ ಎಂದಿನಂತೆ, ಐದರಲ್ಲಿ ಸಲಹೆಯಂತೆ. ಪ್ರತಿ ಸಲವೂ ಕೂತ ನಿಮಿಷ, ಬರೆದ ಸಾಲು, ಒಂದು ವಾರ ಬಿಟ್ಟು ಓದಿದಾಗ ಉಳಿಸಿಕೊಂಡ ಸಾಲು, ಈ ಮೂರು ಅಂಕಿ ಬರೆದಿಡಿ. ಮೂರನೆಯ ಅಂಕಿಯೇ ಮುಖ್ಯ. ಒಂದೇ ಸಲಕ್ಕೆ ಹೊಸ ಪೆನ್ನು, ಹೊಸ ಸಮಯ, ಹೊಸ ಜಾಗ ಎಲ್ಲ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗದು. ಸಲಹೆ ರೂಢಿಯಾಗಲು ತಿಂಗಳುಗಳು ಬೇಕು. ಆದರೆ ಅದು ನಿಮಗೆ ಹೊಂದುತ್ತದೆಯೋ ಇಲ್ಲವೋ ಎಂಬುದು ಹತ್ತು ಸಲದಲ್ಲಿ ಕಾಣುತ್ತದೆ.

ಬರೆಯುವುದು ಮಾತ್ರವಲ್ಲ, ನಿದ್ದೆ, ಊಟ, ಮಾತು ಯಾವುದೂ ವಾರಗಟ್ಟಲೆ ಬೇಡವೆನಿಸುತ್ತಿದ್ದರೆ ಅದು ಬರವಣಿಗೆಯ ತೊಡಕಲ್ಲ, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಓದುಗರಿಂದ ಸಲಹೆ ಪಡೆಯುವ ಬಗೆಯೂ ಒಂದಿದೆ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ನೆಂಟರಾದರೆ "ತುಂಬಾ ಚೆನ್ನಾಗಿದೆ". ಎರಡರಿಂದಲೂ ಒಂದು ಸಾಲೂ ತಿದ್ದಲಾಗದು. ಬದಲಿಗೆ ಪ್ರತಿ ಕೊಟ್ಟು, ಓದಿ ಮುಗಿಸಿದ ಮರುದಿನ "ಕತೆ ಏನಾಗುತ್ತೆ, ನನಗೆ ಹೇಳಿ" ಎಂದು ಕೇಳಿ. ಅವರು ಹೇಳುವಾಗ ಬಾಯಿ ಹಾಕಬೇಡಿ, ವಿವರಿಸಬೇಡಿ. ಕೈಯಲ್ಲಿ ಪೆನ್ಸಿಲ್ ಇರಲಿ. ಅವರು ಹೇಳದೆ ದಾಟಿಹೋದ ಪ್ಯಾರಾದ ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಮೂವರನ್ನು ಕೇಳಿದ ಮೇಲೆ ಮೂರು ಚುಕ್ಕಿ ಬಿದ್ದ ಪ್ಯಾರಾಗಳನ್ನು ಮಡಚಿ ಮುಚ್ಚಿ, ಅವಿಲ್ಲದೆ ಕತೆಯನ್ನು ಗಟ್ಟಿಯಾಗಿ ಒಮ್ಮೆ ಓದಿ ನೋಡಿ.